ನೈಜೆಲನ ಮದುವೆಯಿಲ್ಲದ ರೋಸ್

ಓಯ್, ಆ ಬದಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತವರೇ, ಬಕಾಲಾ ಅಂಗಡಿಯ ಬಾಗಿಲಲ್ಲಿ ಪೆಪ್ಸಿ ಕುಡಿಯುವವರೇ, ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿರುವ ಅಕ್ಕಾ, ನೀವೂ ಸ್ವಲ್ಪ ಈ ಕಡೆ ಕಿವಿ ಕೊಡಿ. ಹಾರ್ನಿನ ಗಲಾಟೆ ಉಂಟು, ಆದರೂ ಕೇಳಿಸುತ್ತದೆ. ಮಂಗಫ್‌ನ ನೈಜೆಲನ ಕಥೆ ಇದು. ನಮ್ಮ ಕರಾವಳಿಯ ಮಕ್ಕಳು ಕುವೈತಿನಲ್ಲಿ ಜನರ ಎದುರು ಪಂಕ್ ಬಾರಿಸಿದ ಒಂದು ಶುಕ್ರವಾರದ ಕಥೆ. ಬಾರಿಸಿದ್ದು ಎರಡು ಹಾಡು. ಅದರಲ್ಲಿಯೂ ಎರಡನೆಯದು ಅರ್ಧ ಕರೆಂಟಿನಲ್ಲಿ, ಅರ್ಧ ಗಂಟಲಿನಲ್ಲಿ.

ಎರಡು ಸಾವಿರದ ಒಂದನೇ ಇಸವಿಯ ಜೂನ್ ತಿಂಗಳು. ಬಿಸಿಲಿಗೆ ಕಾರಿನ ಸ್ಟೇರಿಂಗ್ ಮುಟ್ಟಿದರೆ ಚರ್ಮ ಅಲ್ಲೇ ಉಳಿಯುವಂಥ ದಿನಗಳು. ನೈಜೆಲನಿಗೆ ಇಪ್ಪತ್ತೊಂದು ತುಂಬಿತ್ತು. ಬೇರೆ ಊರಿನಲ್ಲಿ ಇಪ್ಪತ್ತೊಂದೆಂದರೆ ಕೇಕು, ಮೇಣದಬತ್ತಿ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಗಂಡುಮಕ್ಕಳಿಗೆ ಮಾತ್ರ ಅಪ್ಪನ ಇಕಾಮಾದ, ಅಂದರೆ ವಾಸದ ಪರವಾನಗಿಯ, ನೆರಳು ಅಲ್ಲಿಗೆ ಮುಗಿಯುತ್ತದೆ. ಮುಂದೆ ಇರಬೇಕಾದರೆ ಸ್ವಂತ ಕಫೀಲ್ ಬೇಕು, ಅಂದರೆ ವೀಸಾಕ್ಕೆ ಜವಾಬ್ದಾರಿ ಹೊರುವ ಕುವೈತಿ. ಅಪ್ಪ ಮಥಾಯಸ್ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಫೋರ್‌ಮನ್. ಶಿಫ್ಟ್ ಮುಗಿಸಿ, ಅದೇ ಕೆಲಸದ ಕವರಾಲ್‌ನಲ್ಲಿ ಮಗನಿಗೆ ಕಫೀಲ್ ಹುಡುಕಿಕೊಂಡು ಅಲೆದರು. ಒಬ್ಬ ಸಿಕ್ಕಿದ. 'ಬುಕ್ರಾ ಬಾ' ಅಂದ. ಬುಕ್ರಾ ಎಂದರೆ ನಾಳೆ. ನಾಳೆ ಹೋದರೆ ಮತ್ತೆ ಬುಕ್ರಾ. ಕೊನೆಗೊಂದು ದಿನ ಆತನ ಆಫೀಸಿಗೇ ಬೀಗ ಬಿದ್ದಿತ್ತು. ಆಮೇಲೆ ಮಥಾಯಸ್ ಹುಡುಕುವುದನ್ನು ಬಿಟ್ಟು ಭಾನುವಾರದ ಬಾಂಬೆ ವಿಮಾನಕ್ಕೆ ಮಗನ ಟಿಕೆಟ್ ತೆಗೆದರು. ಬಾಂಬೆಯಿಂದ ಮಂಗಳೂರಿಗೆ ಬಸ್ಸು. ಅಲ್ಲಿ ಅಜ್ಜಿಯ ತಂಗಿಯೊಬ್ಬರ ಮನೆಯಿತ್ತು. ನೈಜೆಲನಿಗೆ ಅವರ ಹೆಸರು ಗೊತ್ತಿತ್ತು, ಮುಖ ನೆನಪಿರಲಿಲ್ಲ. ಅವನ ಅಮ್ಮ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು.

ಹೋಗುವುದಕ್ಕೆ ಅಳುವಷ್ಟು ಬಿಡುವು ಅವನಿಗಿರಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಒಂದು ಹುಳ ಕೊರೆಯುತ್ತಿತ್ತು. ಅವನಿಗೊಂದು ಬ್ಯಾಂಡ್ ಇತ್ತು, ಹೆಸರು 'ಖಲಾಸ್'. ಆ ಬ್ಯಾಂಡ್ ಇದುವರೆಗೆ ಒಂದು ನರಪಿಳ್ಳೆಯ ಎದುರೂ ಬಾರಿಸಿರಲಿಲ್ಲ.

ಬ್ಯಾಂಡ್ ಅಂದರೆ ಮೂವರು. ನೈಜೆಲ್ ಗಿಟಾರು. ಊರು ಬಿಡುತ್ತಿದ್ದ ಯಾರೋ ಮೇಷ್ಟ್ರು ಮನೆ ಸಾಮಾನು ಮಾರುವಾಗ ಸಿಕ್ಕಿದ ಗಿಟಾರದು, ಕುತ್ತಿಗೆ ಸ್ವಲ್ಪ ಬಾಗಿತ್ತು. ಹಾಡುವವಳು ಜಾನಿಸ್, ಮಂಗಫ್‌ನ ಒಂದು ನರ್ಸರಿ ಶಾಲೆಯಲ್ಲಿ ಬೆಳಿಗ್ಗೆ ಮಕ್ಕಳಿಗೆ ಏಬೀಸೀಡಿ ಹೇಳಿಕೊಡುತ್ತಿದ್ದಳು. ತಾಯಿ ಕ್ಯಾಥರಿನ್ ಕ್ಲಿನಿಕ್ಕೊಂದರಲ್ಲಿ ನರ್ಸ್. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಡ್ರಮ್ ಬಾರಿಸುತ್ತಿದ್ದವನು ರಾಝಿಕ್, ಉಳ್ಳಾಲದ ಬ್ಯಾರಿ ಹುಡುಗ, ಮಾವ ಮಮ್ಮಾಲಿಯವರ ಬಕಾಲಾದಲ್ಲಿ ಕೆಲಸ. ಊರಿನಲ್ಲಿ ಉರೂಸಿನ ದಿನ ದಫ್ ಬಾರಿಸಿ ಪಳಗಿದ ಕೈ ಅವನದು. ಆ ಕೈಗೆ ಎರಡು ಕೋಲು ಕೊಟ್ಟರೆ ಏನಾಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಪಂಕ್ ಎಂಬುದು ಅವರಿಗೆ ಸಿಕ್ಕಿದ್ದು ಶುಕ್ರವಾರದ ಸಂತೆಯಲ್ಲಿ. ಹಳೆ ಚಪ್ಪಲಿ, ಗಡಿಯಾರ, ತೊಟ್ಟಿಲುಗಳ ನಡುವೆ ಒಬ್ಬ ಬಂಗಾಳಿ ಮುಚ್ಚಳವಿಲ್ಲದ ಕ್ಯಾಸೆಟ್ಟುಗಳನ್ನು ಗೋಣಿಯಲ್ಲಿ ಸುರಿದುಕೊಂಡು ಕೂರುತ್ತಿದ್ದ. ಯಾರು ಹಾಡಿದ್ದು, ಯಾವ ದೇಶದ್ದು, ಒಂದೂ ಬರೆದಿರಲಿಲ್ಲ. ಒಂದು ಕ್ಯಾಸೆಟ್ ಹಾಕಿದಾಗ ಯಾರೋ ಮೂರು ಸ್ವರದಲ್ಲಿ ಜಗಳಾಡುತ್ತಿದ್ದಂತೆ ಕೇಳಿಸಿತು. ನೈಜೆಲ್ ಅದನ್ನು ತಿರುಗಿಸಿ ತಿರುಗಿಸಿ ಕೇಳಿದ. ಇಷ್ಟೇ ಸ್ವರ ಸಾಕಾದರೆ ನನಗೂ ಆಗುತ್ತದೆ ಅಂದುಕೊಂಡ. ಮಥಾಯಸ್ ವಾಸವಿದ್ದ ಕಟ್ಟಡದ ಕೆಳಗಿನ ಉಗ್ರಾಣದಲ್ಲಿ ಮಮ್ಮಾಲಿಯವರ ಬಕಾಲಾದಿಂದ ತಂದ ಮೊಟ್ಟೆಯ ಟ್ರೇಗಳನ್ನು ಗೋಡೆಗೆಲ್ಲ ಅಂಟಿಸಿ, ಎರಡು ವರ್ಷ ಅಲ್ಲೇ ಬಡಿದರು.

ಈಗ ಒಂದು ಸಲ, ಒಂದೇ ಒಂದು ಸಲ ಜನರ ಎದುರು ಬಾರಿಸಿ ಹೋಗಬೇಕು. ನೈಜೆಲನಿಗೆ ಬೇಕಿದ್ದದ್ದು ಅದೊಂದೇ.

"ಎಂತ ಪೊರ್ಬು, ಹಾಲ್ ಸಿಕ್ಕಿತಾ?" ರಾಝಿಕ್ ಬಕಾಲಾದ ಫ್ರಿಜ್ಜಿಗೆ ಲಬನ್ ಮಜ್ಜಿಗೆಯ ಪ್ಯಾಕೆಟ್ ಜೋಡಿಸುತ್ತಾ ಕೇಳಿದ. ಕ್ರಿಸ್ತರನ್ನು ನಮ್ಮ ಕಡೆ ಪೊರ್ಬು ಎನ್ನುತ್ತಾರಲ್ಲ, ಅವನು ನೈಜೆಲನನ್ನು ಕರೆಯುವುದೂ ಹಾಗೆಯೇ.

"ಇಲ್ಲ ಮಾರಾಯ. ಬ್ಯಾಂಡ್ ಅಂದ ಕೂಡ್ಲೇ ಫೋನ್ ಇಡ್ತಾರೆ. ಪರ್ಮಿಷನ್ ಎಲ್ಲಿ, ಕುವೈತಿ ಯಾರು, ಎಷ್ಟು ಜನ... ಐ ಆ್ಯಮ್ ಡನ್."

"ಬರ್ತ್‌ಡೇ ಅಂತ ಹೇಳು."

"ಬರ್ತ್‌ಡೇಗೆ ಡ್ರಮ್ ಯಾಕೆ ಅಂತಾರೆ."

"ಡ್ರಮ್ ಇರುವ ಫಂಕ್ಷನ್ ಎಂತದುಂಟು ನಿಮ್ಮಲ್ಲಿ?"

ನೈಜೆಲ್ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಹಾಗೇ ನಿಂತ. ತಣ್ಣನೆ ಗಾಳಿ ಹೊರಗೆ ಹೋಗುತ್ತಿದೆ ಎಂದು ಮಮ್ಮಾಲಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬೈದದ್ದು ಅವನಿಗೆ ಕೇಳಿಸಲಿಲ್ಲ.

"ರೋಸ್," ಅಂದ.

ನಮ್ಮ ಕೊಂಕಣಿ ಕ್ರಿಸ್ತರಲ್ಲಿ ಮದುವೆಯ ಹಿಂದಿನ ದಿನ ರೋಸ್ ಮಾಡುತ್ತಾರಲ್ಲ, ಗಂಡಿನ ಮನೆಯಲ್ಲಿ ಗಂಡಿಗೆ, ಹೆಣ್ಣಿನ ಮನೆಯಲ್ಲಿ ಹೆಣ್ಣಿಗೆ. ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಎಣ್ಣೆ ಹಚ್ಚಿ, ತಲೆಗೆ ತೆಂಗಿನ ಹಾಲು ಸುರಿದು, ಹೆಂಗಸರು ವೊವಿಯೊ ಹಾಡುತ್ತಾರೆ. ಆಮೇಲೆ ಬ್ಯಾಂಡು, ಕುಣಿತ. ಮಂಗಫ್‌ನ ಇನ್ನೊಂದು ಕಟ್ಟಡದ ನೆಲಮಾಳಿಗೆಯಲ್ಲಿ ಮಂಗಳೂರಿನವರ ಎಷ್ಟೋ ರೋಸ್ ಆಗಿತ್ತು. ಅಲ್ಲಿನ ಹಾರಿಸ್, ಅಂದರೆ ಕಟ್ಟಡ ಕಾಯುವ ಈಜಿಪ್ಟಿನವನು, ಆ ಶಬ್ದ ಕಲಿತುಬಿಟ್ಟಿದ್ದ. ರೋಸ್ ಎಂದರೆ ಬೀಗದ ಕೈ ಕೊಡುತ್ತಿದ್ದ. ಮದುವೆ ಹುಡುಗ ಯಾರು ಎಂದು ಕೇಳಿದಾಗ ನೈಜೆಲ್ ತನ್ನ ಎದೆ ಮುಟ್ಟಿ ತೋರಿಸಿದ. ಹಾರಿಸ್ ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟು 'ಮಬ್ರೂಕ್' ಎಂದು ಶುಭ ಕೋರಿದ.

ಸುಳ್ಳು ಅಷ್ಟು ಸಲೀಸಾಗಿ ನಡೆಯಿತು. ಆ ಹಾಲ್‌ನ ರೋಸ್ ಕುರ್ಚಿ ಯಾರ ಮನೆಯಲ್ಲಿರುತ್ತದೆ ಎಂಬುದನ್ನು ಮಾತ್ರ ಮೂವರೂ ಮರೆತಿದ್ದರು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ರಾಝಿಕ್ ನೇರ ಹಾಲ್‌ಗೆ ಬಂದ. ನೈಜೆಲ್ ಸಕ್ಕರೆ ನೀರು ಹಚ್ಚಿ ಕೂದಲನ್ನು ಮುಳ್ಳುಹಂದಿಯ ಹಾಗೆ ನಿಲ್ಲಿಸಿದ್ದ. ಜಾನಿಸಳ ಜೀನ್ಸ್ ಮೊಣಕಾಲಿನಲ್ಲಿ ಹರಿದಿತ್ತು. ತಾನಾಗಿ ಹರಿದದ್ದಲ್ಲ, ಕತ್ತರಿ ಹಾಕಿ ಹರಿದದ್ದು. ಮೂರು ಗಂಟೆಯ ಹೊತ್ತಿಗೆ ಹುಡುಗರು ಬಂದರು. ಬಾಯಿಯಿಂದ ಬಾಯಿಗೆ ಹೇಳಿ ಕರೆದ ಇಪ್ಪತ್ತು ಮೂವತ್ತು ಮಂದಿ. ಶಾಲೆಯಲ್ಲಿ ಜೊತೆಗೆ ಓದಿದ ಗೋವಾದವರು, ಫಿಲಿಪೀನಿ ಅಣ್ಣತಂಗಿ, ಇಬ್ಬರು ಪ್ಯಾಲೆಸ್ಟೀನಿ ಹುಡುಗರು, ಡ್ರೈವರನ್ನು ಹೊರಗೆ ನಿಲ್ಲಿಸಿ ಬಂದ ಒಬ್ಬ ಕುವೈತಿ. ಎಲ್ಲರೂ ಎಲ್ಲಿ ನಿಲ್ಲುವುದೆಂದು ತಿಳಿಯದೆ ಗೋಡೆಗೆ ಅಂಟಿಕೊಂಡಿದ್ದರು. ಇಂಥದ್ದಕ್ಕೆ ಹೇಗೆ ನಿಲ್ಲಬೇಕೆಂದು ಅವರಲ್ಲಿ ಯಾರೂ ನೋಡಿರಲಿಲ್ಲ.

ನೈಜೆಲ್ ಗಿಟಾರು ಕೊರಳಿಗೆ ಹಾಕಿದ. ಸ್ಪೀಕರು ಗುಂಯ್ ಎನ್ನುತ್ತಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಮುಂದೆ ಹಾರಿಸ್, ತಲೆಯ ಮೇಲೆ ಬಿಳಿ ಬಟ್ಟೆ ಹೊದೆಸಿದ ಕುರ್ಚಿ. ಅವನ ಹಿಂದೆ ರೇಷ್ಮೆ ಸೀರೆಯುಟ್ಟು, ಎರಡು ಕೈಯಲ್ಲಿ ಸ್ಟೀಲಿನ ಪಾತ್ರೆ ಹಿಡಿದ ಫೆಲ್ಸಿ ಆಂಟಿ. ಅವರ ಹಿಂದೆ ಅರ್ಧ ಮಂಗಫ್‌ನ ಕೊಂಕಣಿ ಹೆಂಗಸರು. ಇದೇ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಫೆಲ್ಸಿ ಆಂಟಿಯ ಮನೆ. ಮಂಗಫ್‌ನಲ್ಲಿ ಅವರ ವೊವಿಯೊ ಇಲ್ಲದೆ ಯಾರಿಗೂ ಮದುವೆಯಾಗಿರಲಿಲ್ಲ.

"ಪುತಾ, ನಮ್ಮನ್ನು ಬಿಟ್ಟು ರೋಸ್ ಮಾಡಿಕೊಳ್ಳುದಾ ನೀನು?"

ಫೆಲ್ಸಿ ಆಂಟಿ ಪಾತ್ರೆಯನ್ನು ಕೆಳಗಿಟ್ಟರು.

"ಹಾರಿಸ್ ಕುರ್ಚಿ ಕೇಳ್ಲಿಕ್ಕೆ ಬಂದ. ಯಾರದ್ದು ಮಾರಾಯ ಅಂದ್ರೆ ಮಥಾಯಸ್ ಮಗಂದು ಅಂತಾನೆ. ಮೊದಲು ನನಗೆ ಸಿಟ್ಟೇ ಬಂತು. ಮತ್ತೆ ಆಲೋಚನೆ ಮಾಡಿದೆ. ತಾಯಿ ಇಲ್ಲದ ಮನೆ, ಅಪ್ಪನಿಗೆ ಡ್ಯೂಟಿ, ಹುಡುಗ ಸಂಡೇ ಊರಿಗೆ ಹೋಗ್ತಾನೆ. ಗಡಿಬಿಡಿಯಲ್ಲಿ ಮಾಡ್ತಾರೆ, ಹೇಳ್ಲಿಕ್ಕೆ ನಾಚಿಕೆ. ನಾವು ಇಲ್ವಾ? ಕೂತ್ಕೊ."

ಅಲ್ಲೇ ಹೇಳಬಹುದಿತ್ತು. ಆಂಟಿ, ಮದುವೆ ಇಲ್ಲ, ಸುಳ್ಳು ಹೇಳಿದೆ ಅನ್ನಬಹುದಿತ್ತು. ಹಾರಿಸ್ ಬಾಗಿಲಲ್ಲಿ ಕೈಕಟ್ಟಿ ನಿಂತು ನಗುತ್ತಿದ್ದ. ಹೇಳಿದರೆ ಆ ನಗು ನಿಲ್ಲುತ್ತದೆ, ಸ್ಪೀಕರು ರಸ್ತೆಗೆ ಬೀಳುತ್ತದೆ, ಭಾನುವಾರ ವಿಮಾನ. ನೈಜೆಲ್ ಗಿಟಾರು ಇಳಿಸಿ ಕುರ್ಚಿಯಲ್ಲಿ ಕೂತ.

ಹಣೆಗೆ ಎಣ್ಣೆಯ ಶಿಲುಬೆ ಬಿತ್ತು. ವೊವಿಯೊ ಶುರುವಾಯಿತು. ಒಬ್ಬರಾದ ಮೇಲೊಬ್ಬರು ಬಂದು ತಲೆಗೆ ತೆಂಗಿನ ಹಾಲು ಸುರಿದು, ಕೈಗೆ, ತೋಳಿಗೆ ಸವರಿದರು. ಮುಳ್ಳುಹಂದಿ ಕರಗಿ ಕಿವಿಯ ಮೇಲೆ ಬಿತ್ತು.

"ತಲೆಗೆ ಎಂತ ಹಾಕಿದ್ದಿ ಪುತಾ, ಅಂಟಂಟು ಉಂಟಲ್ಲ," ಅಂದರು ಫೆಲ್ಸಿ ಆಂಟಿ.

"ಸಕ್ಕರೆ ಆಂಟಿ," ರಾಝಿಕ್ ಡ್ರಮ್ಮಿನ ಹಿಂದಿನಿಂದ ಹೇಳಿದ. "ತೆಂಗಿನ ಹಾಲೂ ಬಿತ್ತು. ಇನ್ನು ಸ್ವಲ್ಪ ಶ್ಯಾವಿಗೆ ಹಾಕಿದ್ರೆ ಪಾಯಸ."

ಹೆಂಗಸರೆಲ್ಲ ನಕ್ಕರು. ಗೋಡೆಗೆ ಅಂಟಿದ್ದ ಹುಡುಗರೂ ಇದೆಲ್ಲ ಪಂಕಿನದೇ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಪ್ಯಾಲೆಸ್ಟೀನಿ ಹುಡುಗನೊಬ್ಬ ತನ್ನ ತಲೆಗೂ ಸ್ವಲ್ಪ ಸುರಿಯಿರಿ ಎಂದು ಬಂದು ಬಗ್ಗಿದ.

ಆ ನಗುವಿನ ನಡುವೆಯೇ ಫೆಲ್ಸಿ ಆಂಟಿ ನೈಜೆಲನ ಗಲ್ಲ ಹಿಡಿದು ಕೇಳಿದರು, "ಹುಡುಗಿ ಯಾರು? ಊರಿನವಳಾ?"

ಹಾಡು ನಿಂತಿತು. ಎಲ್ಲರೂ ಅವನನ್ನೇ ನೋಡಿದರು. ಹಾರಿಸ್ ಕೂಡ. ನೈಜೆಲನ ಕಣ್ಣು ಒಂದು ಹೆಸರಿಗಾಗಿ ಹಾಲ್ ಇಡೀ ಸುತ್ತಿತು. ಊರಿನ ಯಾವ ಹುಡುಗಿಯ ಹೆಸರು ಹೇಳಿದರೂ ಯಾರ ಮಗಳು, ಯಾವ ಕೇರಿ, ಯಾವ ಇಗರ್ಜಿ ಎಂದು ಈ ಹೆಂಗಸರು ಬಿಡಿಸಿ ಬಿಡಿಸಿ ಕೇಳುತ್ತಾರೆ. ಮೈಕಿನ ಪಕ್ಕ ಜಾನಿಸ್ ವಯರನ್ನು ಮೊಣಕೈಗೆ ಸುತ್ತುತ್ತಾ ನಿಂತಿದ್ದಳು.

"ಜಾನಿಸ್," ಅಂದ.

ಅವಳ ಕೈ ನಿಂತಿತು.

"ಅಯ್ಯೋ ದೇವರೇ, ಕ್ಯಾಥರಿನ್ ನನಗೆ ಒಂದು ಮಾತು ಹೇಳ್ಲಿಲ್ಲ ನೋಡು," ಎಂದು ಫೆಲ್ಸಿ ಆಂಟಿ ಜಾನಿಸಳ ಕೆನ್ನೆಗೆ ಮುತ್ತು ಕೊಟ್ಟರು. ಇನ್ನೊಬ್ಬರು ಹರಿದ ಮೊಣಕಾಲು ನೋಡಿ ತಮ್ಮ ಶಾಲು ಕೊಟ್ಟರು. ಮತ್ತಿಬ್ಬರು ಕ್ಯಾಥರಿನ್‌ಗೆ ಫೋನ್ ಮಾಡಲು ಮೇಲಕ್ಕೆ ಓಡಿದರು.

ಜಾನಿಸ್ ಅವನ ತೋಳು ಹಿಡಿದು ಸ್ಪೀಕರಿನ ಹಿಂದಕ್ಕೆ ಎಳೆದಳು.

"ಎಂತ ಮಾಡಿದ್ದು ನೀನು?"

"ಎರಡು ಹಾಡು ಜಾನ್. ಎರಡೇ. ಆಮೇಲೆ ನಾನೇ ಹೇಳ್ತೇನೆ ಎಲ್ಲರಿಗೂ. ಪ್ರಾಮಿಸ್."

"ನೀನು ಸಂಡೇ ಹೋಗುವವನು. ನಾನು ಇಲ್ಲೇ ಅಲ್ವಾ ಇರುದು."

"ಸಾರಿ. ಹಾಡುದು ಬೇಡ ಅಂದ್ರೆ..."

"ಎರಡು ವರ್ಷ ಮೊಟ್ಟೆ ಟ್ರೇಗೆ ಹಾಡಿದ್ದೇನೆ," ಅಂದಳು ಜಾನಿಸ್. "ಹಾಡದೆ ಹೋಗುದಿಲ್ಲ. ಗಿಟಾರ್ ತೆಗಿ."

ತೆಗೆದ. ತಂತಿ ಒತ್ತಿದರೆ ಬೆರಳು ಸರ್ರನೆ ಜಾರಿತು. ಇನ್ನೊಮ್ಮೆ ಒತ್ತಿದ. ಎಣ್ಣೆ, ಹಾಲು, ಸಕ್ಕರೆ ಎಲ್ಲ ಸೇರಿ ಕೈ ಮೀನಿನ ಹಾಗಾಗಿತ್ತು. ಅಂಗಿಗೆ ಒರೆಸಿದರೆ ಅಂಗಿಯೇ ಒದ್ದೆ. ಇಪ್ಪತ್ತು ಮೂವತ್ತು ಜೋಡಿ ಕಣ್ಣು ಅವನ ಕೈಯನ್ನು ನೋಡುತ್ತಿತ್ತು. ಎರಡು ವರ್ಷ ಕಾದದ್ದು ಇದಕ್ಕೆ. ನೈಜೆಲ್ ಬಾಗಿಲಿನತ್ತ ಓಡಿದ.

"ಪೊರ್ಬು ಓಡಿದ," ಅಂದ ರಾಝಿಕ್. "ಮದುವೆ ಹೆದರಿಕೆ."

ಕಟ್ಟಡದ ಹಿಂದೆ ಖಾಲಿ ಜಾಗ, ಬರೇ ಮರಳು. ಜೂನಿನ ಮಧ್ಯಾಹ್ನದ ಮರಳು ಬಾಣಲೆಯಲ್ಲಿ ಹುರಿದ ಹಾಗಿತ್ತು. ನೈಜೆಲ್ ಮೊಣಕಾಲೂರಿ ಎರಡೂ ಕೈಯನ್ನು ಅದರೊಳಗೆ ತುರುಕಿದ. ನಮ್ಮೂರಿನ ಅಮ್ಮಂದಿರು ಮೀನು ತೊಳೆದ ಕೈಯನ್ನು ಬೂದಿಯಲ್ಲಿ ಉಜ್ಜುವ ಹಾಗೆ ಉಜ್ಜಿದ. ಬೆರಳ ತುದಿ ಸುಟ್ಟಿತು, ಚರ್ಮ ತರಚಿತು, ಬಿಡಲಿಲ್ಲ. ಒಳಗೆ ಬರುವಾಗ ಕೈ ಕೆಂಪಾಗಿತ್ತು, ಉಗುರಿನ ಸಂದಿಯಲ್ಲೆಲ್ಲ ಮರಳು. ತಂತಿ ಒತ್ತಿ ನೋಡಿದ. ಬೆರಳು ಜಾರದೆ ನಿಂತಿತು.

ರಾಝಿಕ್ ಕೋಲು ಎತ್ತಿದ.

ಮೊದಲ ಹಾಡು ಹೇಗಿತ್ತು ಎಂದು ಆಮೇಲೆ ಕೇಳಿದವರಿಗೆಲ್ಲ ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು. ಹೆಂಗಸರಲ್ಲಿ ಕೆಲವರು ಕಿವಿ ಮುಚ್ಚಿ ಯೇಸುವನ್ನು ಕರೆದರು. ಫಿಲಿಪೀನಿ ಅಣ್ಣತಂಗಿ ಗೋಡೆ ಬಿಟ್ಟು ಜಿಗಿಯಲು ಶುರುಮಾಡಿದರು, ಅವರನ್ನು ನೋಡಿ ಉಳಿದವರು. ಗಿಟಾರು ಎಲ್ಲೆಲ್ಲೋ ತಪ್ಪಿತು. ರಾಝಿಕನ ಕೈ ಉರೂಸಿಗೆ ಹೋಗಿತ್ತು, ಅದು ಯಾರಿಗೂ ಗೊತ್ತಾಗಲಿಲ್ಲ. ಜಾನಿಸ್ ಶಾಲು ಬಿಸಾಡಿ ಮೈಕನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕಿರುಚಿದಳು. ಅಷ್ಟು ಸಿಟ್ಟು ಅವಳ ಸ್ವರದಲ್ಲಿ ಆ ಉಗ್ರಾಣದಲ್ಲಿ ಒಂದು ದಿನವೂ ಬಂದಿರಲಿಲ್ಲ. ಅದು ಯಾರ ಮೇಲಿನದೆಂದು ನೈಜೆಲನಿಗೆ ಗೊತ್ತಿತ್ತು. ತಲೆ ತಗ್ಗಿಸಿ ಬಾರಿಸಿದ.

ಎರಡನೆಯದು ಅವರೇ ಕಟ್ಟಿದ ಹಾಡು. 'ಬುಕ್ರಾ ಬುಕ್ರಾ ಅಂತೀರಿ, ಇವತ್ತನ್ನು ಯಾರಿಗೆ ಕೊಟ್ಟಿರಿ' ಎಂದು ಶುರು. ಬುಕ್ರಾ ಎಂಬ ಶಬ್ದ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಪ್ಪಂದಿರು ಅದನ್ನು ಕೇಳಿಕೊಂಡು ಮನೆಗೆ ಬಂದದ್ದನ್ನು ಎಲ್ಲರೂ ನೋಡಿದ್ದರು. ಎರಡನೇ ಸಲಕ್ಕೆ ಇಡೀ ಹಾಲ್ ಬುಕ್ರಾ ಬುಕ್ರಾ ಎಂದು ಕೂಗಿತು. ಅರ್ಧಕ್ಕೆ ಹಾರಿಸ್ ಕಿವಿ ಮುಚ್ಚಿಕೊಂಡು ಹೋಗಿ ಮೇನ್ ಸ್ವಿಚ್ ಇಳಿಸಿದ. ಗಿಟಾರು ಸತ್ತಿತು, ಮೈಕು ಸತ್ತಿತು, ಏಸಿ ಸತ್ತಿತು. ಡ್ರಮ್ಮಿಗೆ ಕರೆಂಟು ಬೇಡವಲ್ಲ, ರಾಝಿಕ್ ನಿಲ್ಲಿಸಲಿಲ್ಲ. ಮೇಲಿನ ಸಣ್ಣ ಕಿಟಕಿಗಳಿಂದ ಬರುತ್ತಿದ್ದ ಬೆಳಕಿನಲ್ಲಿ ಜಾನಿಸ್ ಬರಿಗಂಟಲಲ್ಲಿ ಹಾಡು ಮುಗಿಸಿದಳು.

ಮುಗಿಸಿ ಕಣ್ಣು ತೆರೆದಾಗ ಬಾಗಿಲಲ್ಲಿ ಕ್ಯಾಥರಿನ್ ನಿಂತಿದ್ದರು. ಕ್ಲಿನಿಕ್ಕಿನ ಬಿಳಿ ಬಟ್ಟೆ, ಟ್ಯಾಕ್ಸಿಯಲ್ಲಿ ಬಂದ ಬೆವರು.

"ಆಂಟಿ, ಒಂದು ನಿಮಿಷ, ನಾನು..." ನೈಜೆಲ್ ಮುಂದೆ ಬಂದ.

"ನೀನು ಮಾತಾಡ್ಬೇಡ," ಅಂದರು ಕ್ಯಾಥರಿನ್. ಹೆಂಗಸರು ಅವರನ್ನು ಅಪ್ಪಿಕೊಳ್ಳಲು ಬಂದರು. ಅವರು ಅಪ್ಪಿಸಿಕೊಂಡರು, ಮುಖದಲ್ಲಿ ಏನೂ ತೋರಿಸಲಿಲ್ಲ. ಮಗಳಿಗೆ ಹೇಳಿದ್ದು ಒಂದೇ ಶಬ್ದ, "ಬಾ." ಜಾನಿಸ್ ಹೋದಳು. ತಿರುಗಿ ನೋಡಲಿಲ್ಲ.

ಮಥಾಯಸ್ ಬಂದದ್ದು ಅದಾದ ಮೇಲೆ. ಕಂಪನಿ ಬಸ್ಸು ಇಳಿದ ಕೂಡಲೇ ಯಾರೋ ಕೈಕುಲುಕಿ ಮಗನ ಮದುವೆಯ ಸುದ್ದಿ ಹೇಳಿದ್ದರು. ಕವರಾಲ್‌ನಲ್ಲೇ ಬಂದು, ತಲೆಯಿಂದ ತೆಂಗಿನ ಹಾಲು ಇಳಿಯುತ್ತಿದ್ದ ಮಗನನ್ನು ನೋಡಿದರು. ಫೆಲ್ಸಿ ಆಂಟಿ ಹೊಗಳುವುದನ್ನು ಕೊನೆಯವರೆಗೆ ಕೇಳಿದರು. ಆಮೇಲೆ ನೈಜೆಲನನ್ನು ಮೆಟ್ಟಿಲ ಬುಡಕ್ಕೆ ಕರೆದುಕೊಂಡು ಹೋದರು.

"ಮದುವೆ ಉಂಟಾ?"

"ಇಲ್ಲ ಡ್ಯಾಡಿ."

"ಹಾಲ್‌ಗೋಸ್ಕರ?"

"ಹ್ಞೂಂ."

ಅವರು ತಮ್ಮ ಬೂಟಿನ ತುದಿ ನೋಡಿದರು. "ಆ ಹುಡುಗಿಗೆ ಹೇಳಿ ಮಾಡಿದ್ದಾ?"

ನೈಜೆಲ್ ಇಲ್ಲವೆಂದು ತಲೆಯಲ್ಲಾಡಿಸಿದ. ಮಥಾಯಸ್ ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು. ಹೊಡೆದಿದ್ದರೆ ವಾಸಿಯಿತ್ತು.

ನೈಜೆಲ್ ಒಳಗೆ ಹೋಗಿ ಹೆಂಗಸರ ಎದುರು ನಿಂತು ಹೇಳಿಯೇಬಿಟ್ಟ. "ಮದುವೆ ಇಲ್ಲ. ಜಾನಿಸ್‌ಗೆ ಗೊತ್ತೇ ಇರಲಿಲ್ಲ. ನಾನು ಸುಳ್ಳು ಹೇಳಿದ್ದು."

ಯಾರೂ ನಂಬಲಿಲ್ಲ. ಎರಡು ಗಂಟೆಯ ಹಿಂದೆ ಕೂತು ಹಾಲು ಸುರಿಸಿಕೊಂಡವನು ಈಗ ಮದುವೆ ಇಲ್ಲವೆಂದರೆ ಅದಕ್ಕೆ ಅವರ ಲೆಕ್ಕದಲ್ಲಿ ಒಂದೇ ಅರ್ಥವಿತ್ತು.

"ತಾಯಿ ಬಂದು ಕರ್ಕೊಂಡು ಹೋದ್ರು, ಅದಕ್ಕೆ ಸಿಟ್ಟಾ?" ಅಂದರು ಒಬ್ಬರು.

"ರೋಸ್ ಆದ ಮೇಲೆ ಹುಡುಗಿಯನ್ನು ಬಿಡುದಾ?" ಫೆಲ್ಸಿ ಆಂಟಿಯ ಸ್ವರ ಏರಿತು. "ಅವಳನ್ನು ಇನ್ನು ಯಾರು ಕೇಳ್ತಾರೆ? ಮಥಾಯಸ್ ಮಗ ಇಂಥವನಾ?"

ಹೇಳಿದಷ್ಟೂ ಕೆಟ್ಟಿತು. ಜಾನಿಸ್ ಈಗ ಮದುವೆ ಹುಡುಗಿಯಿಂದ ಬಿಟ್ಟ ಹುಡುಗಿಯಾದಳು. ಹೆಂಗಸರು ತಲೆಯಲ್ಲಾಡಿಸುತ್ತಾ ಮನೆ ಸೇರಿದರು. ಪ್ರತಿ ಮನೆಯಲ್ಲೂ ಫೋನಿತ್ತು, ಊರೊಳಗಿನ ಫೋನಿಗೆ ಇಲ್ಲಿ ಬಿಲ್ಲೂ ಇಲ್ಲ. ನೈಜೆಲ್ ಗಿಟಾರನ್ನು ಅಲ್ಲೇ ಬಿಟ್ಟ. ರಾಝಿಕ್ ಡ್ರಮ್ಮಿನ ಬಿಡಿಭಾಗಗಳನ್ನು ಬಕಾಲಾದ ತಳ್ಳುಗಾಡಿಗೆ ಹಾಕುತ್ತಾ ಅವನನ್ನು ನೋಡಿದ.

"ಇನ್ನು ಎಂತ ಮಾಡ್ತಿ?"

"ಗೊತ್ತಿಲ್ಲ."

"ನನ್ನ ಮಾವನಿಗೂ ಸುದ್ದಿ ಹೋಗಿಯಾಯ್ತು. ನನ್ನದು ನಾನು ನೋಡ್ಕೊಳ್ತೇನೆ. ನೀನು ಆ ಫೆಲ್ಸಿ ಆಂಟಿಯನ್ನು ಹಿಡಿ. ಸುದ್ದಿ ಹೊರಟ ಬಾಯಿಂದಲೇ ವಾಪಸ್ ಬರ್ಬೇಕು."

ಸಂಜೆಯ ಮಗ್ರಿಬ್ ಬಾಂಗು ಆಗುವಾಗ ನೈಜೆಲ್ ಎರಡನೇ ಮಾಳಿಗೆಯಲ್ಲಿ ಫೆಲ್ಸಿ ಆಂಟಿಯ ಬಾಗಿಲ ಎದುರಿದ್ದ. ಬಾಗಿಲು ತೆರೆದ ಅವರು ಮುಚ್ಚಲು ಹೊರಟರು. ಅವನು ಹೊಸ್ತಿಲಲ್ಲೇ ಕೂತುಬಿಟ್ಟ. ಕಫೀಲನ ಬುಕ್ರಾ, ಭಾನುವಾರದ ವಿಮಾನ, ಉಗ್ರಾಣ, ಹಾರಿಸ್ ಕೊಟ್ಟ ಮುತ್ತು, ಎಲ್ಲವನ್ನೂ ತನ್ನ ಹರಕು ಕೊಂಕಣಿಯಲ್ಲಿ ಮೊದಲಿಂದ ಹೇಳಿದ. ಅಮ್ಮ ಹೋದ ಮೇಲೆ ಇಷ್ಟುದ್ದ ಕೊಂಕಣಿ ಅವನ ಬಾಯಿಂದ ಬಂದಿರಲಿಲ್ಲ. ತಲೆಯ ಹಾಲು ಹುಳಿ ವಾಸನೆ ಹೊಡೆಯುತ್ತಿತ್ತು.

ಫೆಲ್ಸಿ ಆಂಟಿ ಬಾಗಿಲಿಗೆ ಒರಗಿಕೊಂಡರು. "ಒಂದು ಹಾಡಿಗೆ?"

"ಎರಡು ಆಂಟಿ."

"ನಾನು ಬೆಳಿಗ್ಗೆಯಿಂದ ತೆಂಗಿನಕಾಯಿ ತುರಿದದ್ದು, ಗೊತ್ತುಂಟಾ? ನಿನ್ನ ಅಮ್ಮನ ಬದಲಿಗೆ ಅಂತ ತುರಿದದ್ದು."

ಅವರು ಒಳಗೆ ಹೋಗಿ ಫೋನಿನ ಪಕ್ಕ ಕೂತರು. "ಬಾ. ನಾನು ತಿರುಗಿಸ್ತೇನೆ, ನೀನು ಮಾತಾಡು. ನನ್ನ ಬಾಯಿಂದ ನಾನು ಹೇಳುದಿಲ್ಲ."

ತಾವು ಬೆಳಿಗ್ಗೆ ಕರೆದವರ ಮನೆಗೆಲ್ಲ ಅವರು ಫೋನ್ ತಿರುಗಿಸಿದರು. ನೈಜೆಲ್ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದ. ಹಾಲ್‌ಗಾಗಿ ಸುಳ್ಳು ಹೇಳಿದ್ದು ನಾನು, ಜಾನಿಸ್‌ಗೆ ಗೊತ್ತಿರಲಿಲ್ಲ, ಅವಳ ಅಮ್ಮನಿಗೂ ಗೊತ್ತಿರಲಿಲ್ಲ. ಒಬ್ಬರು ನಕ್ಕರು. ಒಬ್ಬರು ಮಧ್ಯದಲ್ಲೇ ಇಟ್ಟರು. ಒಬ್ಬರ ಗಂಡ ಫೋನ್ ಕಿತ್ತುಕೊಂಡು ಬೈದರು. ಇನ್ನೊಬ್ಬರು ಎಲ್ಲ ಕೇಳಿ, "ಪಾಪ ಆ ಹುಡುಗಿ, ಈಗ ನಿನ್ನ ಹತ್ರ ಹೀಗೆ ಹೇಳಿಸ್ತಿದ್ದಾರಾ?" ಅಂದರು. ಕೂಗಿ ಕೂಗಿ ಮೊದಲೇ ಒಡೆದಿದ್ದ ಗಂಟಲು ಪೂರ್ತಿ ಕೂತುಹೋಯಿತು. ಫೆಲ್ಸಿ ಆಂಟಿ ಒಂದು ಲೋಟ ಬಿಸಿನೀರು ತಂದಿಟ್ಟರು. ಕುಡಿ ಎನ್ನಲಿಲ್ಲ.

"ಮುಗಿಯಿತು," ಅಂದರು ಕೊನೆಗೆ.

"ಇನ್ನೊಂದುಂಟು," ಅಂದ ನೈಜೆಲ್. ಆ ನಂಬರು ಅವನೇ ತಿರುಗಿಸಿದ. ತುಂಬಾ ಹೊತ್ತು ರಿಂಗಾಯಿತು.

"ಹಲೋ," ಜಾನಿಸಳ ಸ್ವರ. ಅವಳದೂ ಒಡೆದಿತ್ತು.

"ನಾನು. ಎಲ್ಲರಿಗೂ ಹೇಳಿದೆ. ಒಬ್ಬೊಬ್ಬರಿಗೂ."

"ಗೊತ್ತು. ಆಗಲೇ ಇಲ್ಲಿಗೆ ಫೋನ್ ಬರ್ಲಿಕ್ಕೆ ಶುರುವಾಯ್ತು." ಅವಳ ಹಿಂದೆ ಕ್ಯಾಥರಿನ್ ನೋಡಲು ಬಂದ ಯಾರ ಹತ್ತಿರವೋ ಅಳುತ್ತಾ ಮಾತಾಡುವುದು ಕೇಳಿಸುತ್ತಿತ್ತು. "ಎಷ್ಟು ಜನ ನಂಬಿದ್ರು?"

"ಅರ್ಧ. ಅರ್ಧವೂ ಇಲ್ಲ."

ಕ್ಯಾಥರಿನ್ ಅಳು ನಿಲ್ಲಿಸಿ ಮಗಳ ಹೆಸರು ಕರೆದರು.

"ಉಳಿದವರಿಗೆ ನಾನೇ ಹೇಳ್ಬೇಕಲ್ಲ," ಅಂದಳು. "ವರ್ಷಗಟ್ಟಲೆ. ನೀನು ಫೋನ್ ಇಡು ನೈಜೆಲ್."

ನೈಜೆಲ್ ಫೋನ್ ಇಟ್ಟ.